ಮೂಗಿನ ಎಚ್ಚರಿಕೆಯೂ ಹಗೇವಿನ ಕೆಟ್ಟ ಗಾಳಿಯೂ

ಬಳ್ಳಾರಿ ಸೀಮೆಯಲ್ಲಿ ಜೋಳವನ್ನು ನೆಲದೊಳಗಣ ಹಗೇವುಗಳಲ್ಲಿ ತುಂಬಿಡುವ ಪದ್ಧತಿಯು ಬಹುಕಾಲ ನಡೆದುಬಂದಿತು. ಈಗ ಹಗೇವುಗಳು ವಿರಳವಾಗಿದ್ದರೂ, ಹೊಸಹಳ್ಳಿಯಂಥ ಗ್ರಾಮಗಳಲ್ಲಿ ಪಾಳುಬಾವಿ, ಗೋಬರ್ ಗ್ಯಾಸಿನ ತೊಟ್ಟಿ, ಮಲದ ಗುಂಡಿಗಳಿಗೆ ಕೊರತೆಯಿಲ್ಲ. ಕೆಟ್ಟ ವಾಸನೆ ಇಲ್ಲದಿದ್ದರೆ ಇಂಥ ಕಡೆ ಇಳಿಯಬಹುದೆಂದು ಕೆಲವರು ಭಾವಿಸುವುದುಂಟು. ಇದು ಪ್ರಾಣಕ್ಕೆ ಎರವಾಗುವ ತಪ್ಪು. ಇದರ ಕಾರಣವನ್ನು ಕೆಳಗೆ ವಿವರಿಸಿದೆ.

೧. ವಾಸನೆ. ಮೂಗಿನ ಒಳಗೆ, ಮೇಲ್ಭಾಗದಲ್ಲಿ, ವಾಸನೆಯನ್ನು ಗ್ರಹಿಸುವ ಒಂದು ತೆಳುಪೊರೆಯಿದೆ. ಗಾಳಿಯಲ್ಲಿ ತೇಲಿಬಂದ ದ್ರವ್ಯದ ಕಣಗಳು ಅಲ್ಲಿಯ ತೇವದಲ್ಲಿ ಕರಗಿ, ನರಗಳ ತುದಿಯನ್ನು ಮುಟ್ಟಿದಾಗ ಮಿದುಳಿಗೆ ಸುದ್ದಿ ಹೋಗುತ್ತದೆ. ಮನುಷ್ಯನಲ್ಲಿ ಇಂಥ ಗ್ರಾಹಕಗಳು ಸುಮಾರು ೪೦೦ ಬಗೆಯವು ಇವೆ. ಇವುಗಳ ಮೂಲವನ್ನು ೧೯೯೧ರಲ್ಲಿ ಪ್ರಕಟಪಡಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ವಿಜ್ಞಾನಿಗಳಿಗೆ ೨೦೦೪ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

೨. ಘಾಟು. ಮೆಣಸಿನಕಾಯಿ ಹುರಿಯುವಾಗ ಸೀನು ಬಂದು ಕಣ್ಣಲ್ಲಿ ನೀರಾಡುವುದು ವಾಸನೆಯಿಂದಲ್ಲ. ಮೂಗು, ಕಣ್ಣು, ಬಾಯಿಗಳಿಗೆ ಹರಡಿರುವ ಬೇರೊಂದು ನರವು ಉರಿಯನ್ನೂ ನೋವನ್ನೂ ತಿಳಿಸುತ್ತದೆ. ಕೊಟ್ಟಿಗೆಯಲ್ಲಿ ಗಂಜಳ ಕೊಳೆತಾಗ ಏಳುವ ಅಮೋನಿಯಾವು ಮೂಗನ್ನು ಚುಚ್ಚುವುದೂ ಇದರಿಂದಲೇ. ನೆಗಡಿಯಿಂದ ವಾಸನೆ ತಿಳಿಯದವನಿಗೂ ಘಾಟು ತಿಳಿಯುವುದುಂಟು. ಆದುದರಿಂದ ವಾಸನೆ ಮತ್ತು ಘಾಟುಗಳನ್ನು ಇಬ್ಬರು ಕಾವಲುಗಾರರೆಂದು ತಿಳಿಯಬಹುದು.

೩. ಮೂಗು ಮೋಸಹೋಗುವ ಬಗೆ. ತೇವವುಳ್ಳ ಕಾಳೂ ಅದರೊಳಗಿನ ಹುಳು, ಬೂಷ್ಟುಗಳೂ ಉಸಿರಾಡಿ ಪ್ರಾಣವಾಯುವನ್ನು ಮುಗಿಸಿ, ಇಂಗಾಲಾಮ್ಲ ವಾಯುವನ್ನು ಬಿಡುತ್ತವೆ. ಇದಕ್ಕೆ ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ ಬಾಯಿ ತೆರೆದ ಮೇಲೂ ತಳದಲ್ಲಿಯೇ ನಿಲ್ಲುತ್ತದೆ. ಬಹಳ ದಟ್ಟವಾದಾಗ ಮೂಗನ್ನು ಚುಚ್ಚಬಹುದಾದರೂ, ಅಷ್ಟರಲ್ಲಿ ಇಳಿದವನಿಗೆ ಎಚ್ಚರ ತಪ್ಪಿರುತ್ತದೆ. ಮಲದ ಗುಂಡಿಯ ಹೈಡ್ರೋಜನ್ ಸಲ್ಫೈಡಿನ ಮೋಸವು ಬೇರೆ ತೆರನಾದುದು. ಅಲ್ಪವಾಗಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ವಾಸನೆಯ ಶಕ್ತಿಯನ್ನೇ ಕುಂದಿಸುತ್ತದೆ. ನಾತ ನಿಂತಿತೆಂದರೆ ಅಪಾಯ ಕಳೆಯಿತೆಂದು ಅರ್ಥವಲ್ಲ. ಅಡಿಗೆಯ ಅನಿಲಕ್ಕೆ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುವುದು ಸೋರಿದಾಗ ತಿಳಿಯಲೆಂದೇ. ಹಗೇವಿನ ಗಾಳಿಗೆ ಹಾಗೆ ಬೆರೆಸುವವರಿಲ್ಲ.

೪. ಅನುಸರಿಸತಕ್ಕ ಕ್ರಮ.
(ಅ) ಹಗೇವಿಗೆ ಚೆನ್ನಾಗಿ ಒಣಗಿದ ಕಾಳನ್ನೇ ತುಂಬತಕ್ಕದ್ದು.
(ಆ) ತೆರೆದ ಮೇಲೆ ಗಾಳಿಯಾಡಲು ಬಹಳ ಹೊತ್ತು ಬಿಟ್ಟು, ಸಾಧ್ಯವಾದರೆ ಯಂತ್ರದಿಂದ ಗಾಳಿ ಊದಿಸತಕ್ಕದ್ದು.
(ಇ) ಇಳಿಬಿಟ್ಟ ದೀಪವು ನಂದಿದರೆ ಇಳಿಯಲೇ ಕೂಡದು; ಉರಿದರೂ ಅದನ್ನೇ ನೆಚ್ಚಕೂಡದು. ಗೋಬರ್ ಗ್ಯಾಸಿನ ತೊಟ್ಟಿ, ಮಲದ ಗುಂಡಿಗಳ ಬಳಿ ಬೆಂಕಿಯನ್ನು ತರಲೇಬಾರದು. ಅಲ್ಲಿಯ ಅನಿಲವು ಸಿಡಿಯುತ್ತದೆ.
(ಈ) ಒಳಗೆ ಬಿದ್ದವನನ್ನು ಎತ್ತಲು ಮತ್ತೊಬ್ಬನು ಹಾಗೆಯೇ ಇಳಿದರೆ ಅವನೂ ಬೀಳುತ್ತಾನೆ. ಕೂಡಲೇ ೧೧೨ಕ್ಕೆ ತಿಳಿಸಿ, ಮೇಲಿನಿಂದಲೇ ಗಾಳಿ ಊದಿಸುತ್ತಿರಬೇಕು.
(ಉ) ರಕ್ಷಣಾ ಸಾಮಗ್ರಿಯಿಲ್ಲದೆ ಮಲದ ಗುಂಡಿಯ ಶುದ್ಧಿಗೆ ಜನರನ್ನು ಇಳಿಸುವುದನ್ನು ೨೦೧೩ರ ಕಾಯಿದೆಯು ನಿಷೇಧಿಸಿದೆ.

ಗ್ರಾಮದ ಮುಖ್ಯಸ್ಥರು ಈ ವಿಷಯಗಳನ್ನು ಆಳುಕಾಳುಗಳಿಗೂ ಓದಿ ತಿಳಿಸಬೇಕು. ಏಕೆಂದರೆ ಒಳಗೆ ಇಳಿಯುವವರು ಸಾಮಾನ್ಯವಾಗಿ ಅವರೇ.