ಒಗಟು ಬಿಡಿಸುತ್ತಾ ಹಾಡುವ ಭಜನಾ ಮೇಳ

ಆಳಂದ ಸೀಮೆಯಿಂದ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಮುಂದೆ ಭೀಮೆ ಜೇವರ್ಗಿ ಕಡೆಗೆ ಸಾಗುತ್ತಾಳೆ. ಕಲಬುರಗಿ ಜಿಲ್ಲೆಯ ಈ ಊರುಗಳಲ್ಲಿ ನದಿಯಂತೆಯೇ ಊರಿಂದೂರಿಗೆ ಹರಿಯುವುದು ಇನ್ನೊಂದಿದೆ ಮಕ್ಕಳೇ, ಅದು ತತ್ವಪದ.

ಜಾತ್ರೆ, ಅಮಾವಾಸ್ಯೆ, ಪುರಾಣದ ಮಂಗಲ ಎಂದು ಕರೆ ಬಂದರೆ ಭಜನಾ ಮೇಳ ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ ಹಿಡಿದು ಹೊರಡುತ್ತದೆ. ಸಾವಿನ ಮನೆಯಲ್ಲೂ ರಾತ್ರಿಯಿಡೀ ಹಾಡಿ ದುಃಖದಲ್ಲಿರುವವರ ಜೊತೆ ಕೂರುತ್ತದೆ. ಮೇಳದವರಲ್ಲಿ ಹೆಚ್ಚಿನವರು ಹಗಲು ಹೊಲದಲ್ಲಿ ದುಡಿಯುವವರು. ಅವರ ತಾಲೀಮು ರಾತ್ರಿ ಉಂಡ ಮೇಲೆ, ಗುಡಿಯಲ್ಲೋ ಮಠದಲ್ಲೋ ನಡೆಯುತ್ತದೆ. ಹಿರಿಯರು ಒಂದು ಸಾಲು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ.

ಈ ಭಾಗದವರು ಹೆಚ್ಚು ಹಾಡುವುದು ಕಡಕೋಳ ಮಡಿವಾಳಪ್ಪನವರ ಪದಗಳನ್ನು. ಅವರು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ. ನೆಲೆಸಿದ ಕಡಕೋಳ ಮೊದಲು ಜೇವರ್ಗಿ ತಾಲ್ಲೂಕಿನಲ್ಲಿತ್ತು, ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಅವರ ಶಿಷ್ಯರಲ್ಲಿ ಖೈನೂರು ಕೃಷ್ಣಪ್ಪ, ತೆಲಗಬಾಳ ರೇವಪ್ಪ, ಚೆನ್ನೂರು ಜಲಾಲಸಾಹೇಬ ಇದ್ದರು. ಜಾತಿ, ಮತ ಕೇಳದೆ ಗುರು ಪಾಠ ಹೇಳಿದರು, ಶಿಷ್ಯರೂ ಪದ ಕಟ್ಟಿದರು.

ತತ್ವಪದಕ್ಕೆ ರಾಗ ಕೂಡಿದರೆ ಸಾಲದು, ಅರ್ಥವೂ ಬಿಚ್ಚಬೇಕು. ಒಂಬತ್ತು ಬಾಗಿಲಿನ ಮನೆ ಎಂದರೆ ಯಾವುದು ಹೇಳಿ ನೋಡೋಣ? ಎರಡು ಕಣ್ಣು, ಎರಡು ಕಿವಿ, ಮೂಗಿನ ಎರಡು ಹೊಳ್ಳೆ, ಒಂದು ಬಾಯಿ, ಮಲಮೂತ್ರದ ಎರಡು ದಾರಿ. ಎಣಿಸಿದಿರಾ? ಆ ಮನೆ ನಮ್ಮ ದೇಹ! ಇಂಥ ಮಾತಿಗೆ ಬೆಡಗು ಎನ್ನುತ್ತಾರೆ. ಹಿರಿಯರು ಹಾಡು ನಿಲ್ಲಿಸಿ ಬೆಡಗು ಬಿಡಿಸಿದಾಗ ಕಿರಿಯರ ದನಿಯೇ ಬದಲಾಗುತ್ತದೆ. ಜಾತ್ರೆಯಲ್ಲಿ ಕುಣಿಸುವ ಪದ, ಸಾವಿನ ಮನೆಯಲ್ಲಿ ನಿಧಾನವಾಗಿ ಸಮಾಧಾನ ಹೇಳುತ್ತದೆ.

ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ನಾಡಿನ ತತ್ವಪದಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದೆ. ಹೀಗೆ ಪದದ ಮಾತು ಉಳಿಯಿತು. ಆದರೆ ಧಾಟಿ ಅಚ್ಚಿಗೆ ಸಿಗುವುದಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ದಮ್ಮಡಿ ತಡೆಯಬೇಕು ಎಂಬುದು ಹಾಡುವವರ ಬಾಯಲ್ಲೇ ಇದೆ. ಹಿಂದೆ ಹಾಡುವ ಎಳೆಯರು ಇಲ್ಲದಿದ್ದರೆ ಅದು ಹಿರಿಯರೊಂದಿಗೇ ಹೋಗುತ್ತದೆ.

ಅಜ್ಜ ಅಜ್ಜಿಯರೇ, ನಿಮಗೆ ಗೊತ್ತಿರುವ ಒಂದು ಪದವನ್ನು ಈ ವಾರ ಮೊಮ್ಮಕ್ಕಳಿಗೆ ಎತ್ತಿಕೊಡಿ. ಮಕ್ಕಳೇ, ತಿರುಗಿ ಹಾಡಿರಿ. ಅರ್ಥವಾಗದ ಸಾಲು ಬಂದರೆ ಅಲ್ಲೇ ನಿಲ್ಲಿಸಿ ಕೇಳಿರಿ. ಮೇಳದಲ್ಲೂ ಕಲಿಯುವುದು ಹಾಗೆಯೇ.