ತಿರುಗುವ ಕಣ್ಣಿಗೆ ಕಾವಿನ ಕಾಟ

ಎಂಟು ವಾಟ್. ನಡುಮನೆಯಲ್ಲಿ ಉರಿಯುವ ಸಾಮಾನ್ಯ ಎಲ್‌ಇಡಿ ಬಲ್ಬಿಗೂ ಒಂದು ವಾಟ್ ಹೆಚ್ಚೇ ಬೇಕು. ಚಾಲಕರಹಿತ ವಾಹನಗಳ ಪ್ರಯೋಗಗಳಲ್ಲಿ ಬಹಳ ಬಳಕೆಯಾದ ವೆಲೊಡೈನ್ ಕಂಪನಿಯ ವಿಎಲ್‌ಪಿ-16 ಎಂಬ ಲೈಡಾರ್ ನುಂಗುವ ವಿದ್ಯುತ್ತು ಇಷ್ಟೇ. ಹತ್ತು ಸೆಂಟಿಮೀಟರ್ ಅಗಲ, ಏಳು ಸೆಂಟಿಮೀಟರ್ ಎತ್ತರ, 830 ಗ್ರಾಂ ತೂಕದ ಡಬ್ಬಿ ಅದು. ಒಳಗೆ 16 ಲೇಸರ್‌ಗಳು ಸೆಕೆಂಡಿಗೆ 5ರಿಂದ 20 ಸುತ್ತು ತಿರುಗುತ್ತ, ಸುತ್ತಲಿನ ಮರ, ಗೋಡೆ, ಮನುಷ್ಯರ ದೂರವನ್ನು ಸೆಕೆಂಡಿಗೆ ಸುಮಾರು ಮೂರು ಲಕ್ಷ ಸಲ ಅಳೆಯುತ್ತವೆ. ಎಂಟು ವಾಟಿನಲ್ಲಿ ಬೆಳಕಾಗಿ ಹೊರಗೆ ಹೋಗುವುದು ಅತ್ಯಲ್ಪ. ಉಳಿದದ್ದೆಲ್ಲ ಬಿಸಿ. ಲೈಡಾರ್ ಎಷ್ಟು ದೂರ ನೋಡುತ್ತದೆ, ಎಷ್ಟು ಬೆಲೆ ಎಂದು ಎಲ್ಲರೂ ಕೇಳುತ್ತಾರೆ. ಆ ಬಿಸಿ ಎಲ್ಲಿ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಎಂಜಿನಿಯರುಗಳ ನಿದ್ದೆ ಕೆಡಿಸುವುದು ಅದೇ ಪ್ರಶ್ನೆ.

ಬಿಸಿಯಾದರೆ ಏನಾಗುತ್ತದೆ? ಸುಟ್ಟು ಹೋಗುವುದು ಕೊನೆಯ ಮಾತು. ಅದಕ್ಕೆ ಬಹಳ ಮೊದಲೇ ದೃಷ್ಟಿ ಮಂಜಾಗುತ್ತದೆ. ಇಂಥ ಸೆನ್ಸರ್‌ಗಳ ಲೇಸರ್ ಡಯೋಡ್ ಸಾಮಾನ್ಯವಾಗಿ 905 ನ್ಯಾನೊಮೀಟರ್ ಆಸುಪಾಸಿನ, ಕಣ್ಣಿಗೆ ಕಾಣದ ಬೆಳಕನ್ನು ಚಿಮ್ಮಿಸುತ್ತದೆ. ಡಯೋಡ್ ಒಂದು ಡಿಗ್ರಿ ಬಿಸಿಯಾದರೆ ಈ ತರಂಗಾಂತರ ಸುಮಾರು 0.3 ನ್ಯಾನೊಮೀಟರ್ ಸರಿಯುತ್ತದೆ. ಮೂವತ್ತು ಡಿಗ್ರಿಗೆ ಒಂಬತ್ತು ನ್ಯಾನೊಮೀಟರ್. ವಾಪಸು ಬರುವ ಬೆಳಕನ್ನು ಹಿಡಿಯುವ ಕಡೆ, ಬಿಸಿಲಿನ ಹಾವಳಿ ತಡೆಯಲು, ಕಿರಿದಾದ ಪಟ್ಟಿಯ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಇರುತ್ತದೆ. ಲೇಸರ್ ಸರಿದರೆ ತನ್ನದೇ ಬೆಳಕನ್ನು ತಾನೇ ಬಾಗಿಲಲ್ಲಿ ತಡೆದಂತಾಯಿತು. ಫಿಲ್ಟರನ್ನು ಅಗಲ ಮಾಡಿದರೆ ಬಿಸಿಲು ನುಗ್ಗುತ್ತದೆ. ಬೆಳಕು ಹಿಡಿಯುವ ಡಿಟೆಕ್ಟರ್‌ನದೂ ಅದೇ ಪಾಡು: ಕಾವು ಏರಿದಷ್ಟೂ ಬೆಳಕೇ ಇಲ್ಲದೆ ಹುಟ್ಟುವ ಸುಳ್ಳು ಸಂಕೇತಗಳು ಹೆಚ್ಚುತ್ತವೆ.

ಮೊಬೈಲ್, ಟಿವಿ, ಕಾರಿನ ಎಂಜಿನ್ ಎಲ್ಲವೂ ಬಿಸಿಯಾಗುತ್ತವೆ, ಅವನ್ನೆಲ್ಲ ತಣಿಸುತ್ತೇವೆ. ಇಲ್ಲಿನ ತೊಡಕು ತಿರುಗುವುದರಲ್ಲಿದೆ. ಬಿಸಿಯಾಗುವ ಭಾಗವೇ ಸುತ್ತುತ್ತದೆ. ಅದನ್ನು ಹಿಡಿದು ನಿಂತಿರುವುದು ಬೇರಿಂಗ್. ಬೇರಿಂಗಿನ ಉಕ್ಕಿನ ಗುಂಡುಗಳು ಉಂಗುರವನ್ನು ಮುಟ್ಟುವುದು ಚುಕ್ಕೆಯಷ್ಟು ಜಾಗದಲ್ಲಿ. ಅಷ್ಟು ಕಿರಿದಾದ ದಾರಿಯಲ್ಲಿ ಬಿಸಿ ಹರಿದು ಬರಬೇಕು. ಬಂದರೂ ಗ್ರೀಸ್ ಬೇಗ ಮುದಿಯಾಗುತ್ತದೆ. ಗಾಳಿ ಬಿಡೋಣವೆಂದರೆ ಗಾಳಿಯ ಜೊತೆ ಧೂಳು, ಮಳೆನೀರು ಬಂದು ಮಸೂರದ ಮೇಲೆ ಕೂರುತ್ತವೆ. ಹಾಗಾಗಿ ಡಬ್ಬಿಯನ್ನು ಬಿಗಿಯಾಗಿ ಮುಚ್ಚಲೇಬೇಕು. ಒಳಗೆ ಫ್ಯಾನ್ ಇಟ್ಟರೆ ಅದೇ ಬಿಸಿಗಾಳಿ ಒಳಗೊಳಗೇ ಸುತ್ತುತ್ತದೆ, ಅಷ್ಟೆ.

ಬಿಸಿಯ ಪ್ರಯಾಣ ಶುರುವಾಗುವುದು ಸರ್ಕ್ಯೂಟ್ ಬೋರ್ಡಿನಲ್ಲಿ. ಇದಕ್ಕೆ ನಂಜನಗೂಡು ಸೀಮೆ ಹೊರಗಿನದಲ್ಲ. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಹೆಸರು ಕೇಳಿದರೆ ಮೈಸೂರು ಕಡೆಯವರಿಗೆ ಅರಸು ಮನೆತನದ ಮೂಲಪುರುಷ ಯದುರಾಯರ ಕಥೆಯ ಹದಿನಾಡು ನೆನಪಾಗುತ್ತದೆ, ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆ ನೆನಪಾಗುತ್ತದೆ. ಅದೇ ತಾಲ್ಲೂಕಿನ ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿಯ ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡ್, ಕಾರ್ಖಾನೆ ಇದೆ. ಇಂಡಾಲ್ ಕಂಪನಿಯಿಂದ 1999ರಲ್ಲಿ ಕೊಂಡದ್ದು. ಬಿಸಿಯ ಲೆಕ್ಕದಲ್ಲಿ ಪಿಸಿಬಿ ಒಂದು ವಿಚಿತ್ರ ವಸ್ತು. ಗಾಜಿನ ನಾರು ಮತ್ತು ಎಪಾಕ್ಸಿಯ ಹಲಗೆ ಬಿಸಿಯನ್ನು ದಾಟಿಸುವುದೇ ಇಲ್ಲ ಎನ್ನಬಹುದು; ಅದರ ಮೇಲಿನ ತಾಮ್ರ ಅದಕ್ಕಿಂತ ಸಾವಿರ ಪಟ್ಟು ಚೆನ್ನಾಗಿ ದಾಟಿಸುತ್ತದೆ. ಅದಕ್ಕೇ ಬಿಸಿಯಾಗುವ ಚಿಪ್ಪಿನ ಕೆಳಗೆ ಸಣ್ಣ ಸಣ್ಣ ತೂತು ಕೊರೆದು, ಒಳಗೋಡೆಗೆ ತಾಮ್ರ ಲೇಪಿಸಿ, ಹಲಗೆಯ ಆಚೆ ಬದಿಗೆ ಬಿಸಿಯನ್ನು ಇಳಿಸುತ್ತಾರೆ. ಬಿಸಿ ಹೆಚ್ಚಿದ್ದರೆ ತಾಮ್ರದ ತುಂಡನ್ನೇ ಹಲಗೆಯೊಳಗೆ ಹುದುಗಿಸುವುದುಂಟು. ಅಲ್ಲಿಂದ ಮುಂದೆ ಅಲ್ಯೂಮಿನಿಯಮ್ಮಿನ ಚೌಕಟ್ಟು. ಅದರ ಆಚೆಗೆ, ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವೆ, ಗಾಳಿಯ ಸಂದು.

ನನಗೆ ಈ ಇಡೀ ಸಂಗತಿಯಲ್ಲಿ ಅತ್ಯಂತ ಸೊಗಸಾಗಿ ಕಂಡದ್ದು ಈ ಸಂದನ್ನು ದಾಟಿದ ಬಗೆ. ಗಾಳಿ ಬಿಸಿಗೆ ಕೆಟ್ಟ ವಾಹಕ ಎಂದು ಶಾಲೆಯಲ್ಲೇ ಓದಿದ್ದೇವೆ. ಆದರೆ ಗಾಳಿಯ ಪದರ ತೆಳುವಾಗಿ, ಎದುರುಬದುರಿನ ಮೈ ವಿಶಾಲವಾಗಿದ್ದರೆ ಕೆಟ್ಟ ವಾಹಕವೂ ಕೆಲಸಕ್ಕೆ ಬರುತ್ತದೆ. ಲೆಕ್ಕ ಹಾಕಿ ನೋಡಿ: ಹತ್ತು ಸೆಂಟಿಮೀಟರ್ ಅಗಲದ ಎರಡು ಬಿಲ್ಲೆಗಳು ಅರ್ಧ ಮಿಲಿಮೀಟರ್ ಅಂತರದಲ್ಲಿ ಎದುರಾಗಿದ್ದರೆ, 10 ವಾಟ್ ಬಿಸಿ ದಾಟಲು ಎರಡರ ನಡುವೆ ಸುಮಾರು 25 ಡಿಗ್ರಿ ವ್ಯತ್ಯಾಸ ಬೇಕು. ಬಿಲ್ಲೆಗಳ ಬದಲು ಒಂದರೊಳಗೊಂದು ಇಟ್ಟ ಲೋಟಗಳ ಹಾಗೆ ಉಂಗುರಾಕಾರದ ರೆಕ್ಕೆಗಳನ್ನು ಎಬ್ಬಿಸಿ, ಮೇಲಿನ ಸಾಲು ಕೆಳಗಿನ ಸಾಲಿನ ಸಂದಿನಲ್ಲಿ ಮುಟ್ಟದಂತೆ ತಿರುಗುವ ಹಾಗೆ ಮಾಡಿ ಮೈಯನ್ನು ಆರು ಪಟ್ಟಾಗಿಸಿದರೆ ವ್ಯತ್ಯಾಸ ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಸವೆಯುವ ಭಾಗ ಒಂದೂ ಇಲ್ಲ. ಸಂದು ಅರ್ಧ ಮಿಲಿಮೀಟರ್ ಎಂದಮೇಲೆ ತಯಾರಿಕೆಯಲ್ಲಿ ಕೈತಪ್ಪುವಂತಿಲ್ಲ, ಅದೊಂದು ಬೆಲೆ.

ಮೊದಲು ಹೀಗಿರಲಿಲ್ಲ. ವೆಲೊಡೈನ್ ಸ್ಥಾಪಕ ಡೇವಿಡ್ ಹಾಲ್ ರೂಪಿಸಿದ ಹಳೆಯ ಲೈಡಾರ್ ಎಚ್‌ಡಿಎಲ್-64ಇ 2007ರ ಡಾರ್ಪಾ ಅರ್ಬನ್ ಚಾಲೆಂಜ್ ಎಂಬ ಚಾಲಕರಹಿತ ವಾಹನಗಳ ಸ್ಪರ್ಧೆಯಲ್ಲಿ ಓಟ ಮುಗಿಸಿದ ಆರು ವಾಹನಗಳ ಪೈಕಿ ಐದರ ನೆತ್ತಿಯ ಮೇಲಿತ್ತು. 64 ಲೇಸರ್, ಸುಮಾರು 60 ವಾಟ್, ಹದಿಮೂರು ಕಿಲೋ ಆಸುಪಾಸಿನ ತೂಕ. ಅದರ ತಲೆಯೇ ಬಯಲಿನಲ್ಲಿ ಗಿರಗಿರ ಸುತ್ತುತ್ತಿತ್ತು. ಸುತ್ತಿದಷ್ಟೂ ಹೊರಮೈಗೆ ಗಾಳಿ ತಗಲುತ್ತಿತ್ತು. ತನಗೆ ತಾನೇ ಬೀಸಣಿಗೆ.

ಗಾಳಿಯೇ ಇಲ್ಲದ ಕಡೆ ಏನು ಗತಿ ಎಂಬುದನ್ನು ಬೆಂಗಳೂರಿನವರು ಕಂಡಿದ್ದಾರೆ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ಇಸ್ರೊದ ಎಲೆಕ್ಟ್ರೊ-ಆಪ್ಟಿಕ್ಸ್ ಪ್ರಯೋಗಾಲಯ ರೂಪಿಸಿದ ಲೇಸರ್ ದೂರಮಾಪಕವಿತ್ತು, ಸೆಕೆಂಡಿಗೆ ಹತ್ತು ಸಲ ಚಂದ್ರನ ಮೇಲೆ ಬೆಳಕು ಬೀರುವಂಥದ್ದು. ನವೆಂಬರ್ ಕೊನೆಗೆ ನೌಕೆಯ ಒಳಗಿನ ಕಾವು 50 ಡಿಗ್ರಿ ಸಮೀಪಿಸಿದಾಗ ಉಪಕರಣಗಳನ್ನು ಒಟ್ಟೊಟ್ಟಿಗೆ ನಡೆಸುವುದನ್ನು ಬಿಡಬೇಕಾಯಿತು. ಕೆಳಗೆ ಕಾದ ಚಂದ್ರ, ಮೇಲೆ ಸೂರ್ಯ. ಕಾವನ್ನು ಹೊರಸೂಸುವಿಕೆಯೊಂದರಿಂದಲೇ ಕಳೆಯಬೇಕು.

ನಮ್ಮ ರಸ್ತೆಗೆ ಗಾಳಿ ಇದೆ, ಆದರೆ ಸೂರ್ಯ ಹತ್ತಿರದ ನೆಂಟ. 12 ಡಿಗ್ರಿ ಅಕ್ಷಾಂಶದ ನಂಜನಗೂಡು, ತಿ. ನರಸೀಪುರಗಳಲ್ಲಿ ಏಪ್ರಿಲ್ 21–22ರ ಆಸುಪಾಸಿಗೆ ನಡುಹಗಲ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ. ಮೋಡವಿಲ್ಲದ ನಡುಹಗಲ ಬಿಸಿಲು ಚದರ ಮೀಟರಿಗೆ ಸುಮಾರು ಸಾವಿರ ವಾಟ್. ಹತ್ತು ಸೆಂಟಿಮೀಟರ್ ಅಗಲದ ಡಬ್ಬಿಯ ಮುಚ್ಚಳದ ಮೇಲೆ ಬೀಳುವುದು ಎಂಟು ವಾಟ್! ಒಳಗೆ ಹುಟ್ಟುವಷ್ಟೇ ಕಾವು ಮೇಲಿಂದಲೂ. ಮುಚ್ಚಳ ಕಪ್ಪಾಗಿದ್ದರೆ ತಣಿಸುವ ಕೆಲಸ ಹೆಚ್ಚುಕಡಿಮೆ ಇಮ್ಮಡಿ; ಬಿಳಿಯ ಬಣ್ಣ ಬಳಿದರೆ ಬಹುಪಾಲು ತಪ್ಪುತ್ತದೆ. ವಿಎಲ್‌ಪಿ-16ರ ಮಿತಿ 60 ಡಿಗ್ರಿ. ಓಡುವ ಕಾರಿಗೆ ಗಾಳಿ ಸಿಗುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಇಂಜಿನ್ ಹಚ್ಚಿಕೊಂಡೇ ನಿಂತ ಕಾರಿಗೆ ಕಾದ ಛಾವಣಿಯ ಝಳವಷ್ಟೇ. 2025ರ ಅಕ್ಟೋಬರಿನಲ್ಲಿ ವಿಪ್ರೊ ಮತ್ತು ಐಐಎಸ್‌ಸಿ ಸಹಯೋಗದ ಚಾಲಕರಹಿತ ಕಾರನ್ನು ಬೆಂಗಳೂರಿನ ಆರ್‌.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ತೋರಿಸಿದರು. ಬೆಂಗಳೂರಿನ ಹಿತವಾದ ಹವೆಯಲ್ಲಿ ಗೆದ್ದ ಸೆನ್ಸರನ್ನು ಕಲಬುರಗಿಯ ಮೇ ತಿಂಗಳಲ್ಲಿ ನಿಲ್ಲಿಸಿ ನೋಡಬೇಕು.

ತಿರುಗಿಸುವ ತಂಟೆಯೇ ಬೇಡವೆಂದವರೂ ಇದ್ದಾರೆ. 2017ರ ಆಡಿ ಎ8 ಕಾರಿನ ವ್ಯಾಲಿಯೊ ಸ್ಕಾಲಾದಲ್ಲಿ ತಿರುಗುವುದು ಕನ್ನಡಿ ಮಾತ್ರ; ಲೇಸರೂ ಬೋರ್ಡೂ ಕದಲದೆ ಕೂತು ಬಿಸಿಯನ್ನು ನೇರವಾಗಿ ಹೊರಮೈಗೆ ಇಳಿಸುತ್ತವೆ. ಅಲ್ಲಿಗೆ ಬೇರಿಂಗಿನ ಗೋಳು ತೀರಿತು. ಆದರೆ ಅದು ಮುಂದಿನ ಒಂದು ಬೀಸನ್ನಷ್ಟೇ ನೋಡುತ್ತದೆ, ಬೆನ್ನ ಹಿಂದೆ ನೋಡದು. ಹಸು, ಸೈಕಲ್ಲು, ಟ್ರ್ಯಾಕ್ಟರ್ ಯಾವ ದಿಕ್ಕಿನಿಂದಲಾದರೂ ಅಡ್ಡ ಬರುವ ಹದಿನಾರಿನ ರಸ್ತೆಗೆ ನಾನಾದರೆ ಸುತ್ತುವ ಡಬ್ಬಿಯನ್ನೇ ಕೇಳುತ್ತೇನೆ, ಬಿಳಿ ಬಣ್ಣದ್ದು.