ಹಿರಿಯ ಮೀನು, ತಕ್ಕ ತೊಟ್ಟಿ, ಒಪ್ಪುವ ಒಡನಾಡಿಗಳು

ಭಟ್ಕಳದಿಂದ ಕುಮಟಾದವರೆಗಿನ ಕಡಲಂಚು, ಮೀನಿಗೂ ನೀರಿಗೂ ಇರುವ ಸಂಬಂಧವನ್ನು ಕಣ್ಣಾರೆ ಕಂಡು ಕಲಿಯಲು ತಕ್ಕ ನೆಲ. ಭಟ್ಕಳದ ಬಳಿ ವೆಂಕಟಾಪುರ ಹೊಳೆ, ಹೊನ್ನಾವರದಲ್ಲಿ ಶರಾವತಿ, ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ, ಇವು ಸಹ್ಯಾದ್ರಿಯಿಂದ ಇಳಿದು ಬಂದು ಅರಬ್ಬೀ ಸಮುದ್ರವನ್ನು ಸೇರುತ್ತವೆ. ಇಂತಹ ನಾಡಿನಲ್ಲಿಯೂ ಈಗ ಮನೆ, ಅಂಗಡಿ, ಪಾಠಶಾಲೆಗಳಲ್ಲಿ ಗಾಜಿನ ತೊಟ್ಟಿಯೊಳಗೆ ಮೀನನ್ನಿಟ್ಟು ನೋಡುವ ಹವ್ಯಾಸ ಬೆಳೆದಿದೆ. ಹವ್ಯಾಸವು ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಬೆರಳುದ್ದವಿರುವ ಮರಿಯು ಎರಡು ವರ್ಷಗಳಲ್ಲಿ ಮೊಳದುದ್ದವಾಗಬಹುದೆಂಬುದನ್ನು ಕೊಳ್ಳುವವರು ಸಾಮಾನ್ಯವಾಗಿ ಯೋಚಿಸುವುದಿಲ್ಲ. ತೊಟ್ಟಿಯನ್ನು ಆರಿಸಬೇಕಾದುದು ಇಂದಿನ ಮರಿಗಲ್ಲ, ನಾಳಿನ ಮೀನಿಗೆ. ಈ ಒಂದು ಮಾತನ್ನು ಅರಿತರೆ ಉಳಿದ ನಿಯಮಗಳೆಲ್ಲವೂ ತಾವಾಗಿಯೇ ತಿಳಿಯುತ್ತವೆ.

ಮೀನಿನ ಜಾತಿಯನ್ನರಿತು ಅದನ್ನು ಪೋಷಿಸಬೇಕೆಂಬ ವಿವೇಕ ಕನ್ನಡ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಉಂಟು. ಅದು ಗಾಳ ಹಾಕುವ ವಿನೋದವನ್ನು ಕುರಿತದ್ದಾದರೂ, ಮೀನುಗಳನ್ನು ಸಮುದ್ರದವು, ಸಿಹಿನೀರಿನವು ಎಂದೂ, ಹಿರಿಯವು, ಕಿರಿಯವು ಎಂದೂ ವಿಂಗಡಿಸಿ, ಅವುಗಳಿಗೆ ಹಾಕಬೇಕಾದ ಆಹಾರವನ್ನು ಹೇಳುತ್ತದೆ. ನೀರು, ಗಾತ್ರ, ಆಹಾರ ಎಂಬ ಆ ಮೂರು ವಿಚಾರಗಳೇ ಇಂದಿನ ಗಾಜಿನ ತೊಟ್ಟಿಗೂ ಆಧಾರ.

ತೊಟ್ಟಿಯ ಅಳತೆ

ಮೀನಿನ ಉದ್ದವನ್ನು ಮಾತ್ರ ನೋಡಿ ಲೆಕ್ಕ ಹಾಕುವುದು ಮೊದಲನೆಯ ತಪ್ಪು. ಉದ್ದವು ಇಮ್ಮಡಿಯಾದರೆ ತೂಕವು ಸುಮಾರು ಎಂಟು ಮಡಿಯಾಗುತ್ತದೆ. ೫ ಸೆಂಟಿಮೀಟರಿನ ಮರಿಯು ೩೦ ಸೆಂಟಿಮೀಟರಿಗೆ ಬೆಳೆದಾಗ ಉದ್ದ ಆರು ಮಡಿಯಾದರೂ ತೂಕ ಇನ್ನೂರು ಮಡಿಯನ್ನು ಮೀರುತ್ತದೆ. ತಿನ್ನುವ ಆಹಾರ, ಎಳೆದುಕೊಳ್ಳುವ ಆಮ್ಲಜನಕ, ವಿಸರ್ಜಿಸುವ ಮಲಿನ ಇವೆಲ್ಲವೂ ಅದಕ್ಕೆ ತಕ್ಕಂತೆ ಹೆಚ್ಚುತ್ತವೆ. ಆದುದರಿಂದ ಆರು ಪುಟ್ಟ ಮೀನುಗಳಿಗೆ ಸಾಕಾದ ನೀರು ಅವುಗಳ ಒಟ್ಟು ಉದ್ದದ ಒಂದು ದೊಡ್ಡ ಮೀನಿಗೆ ಸಾಲದು.

ತೊಟ್ಟಿಯ ನೀರಿನ ಲೆಕ್ಕವು ಸುಲಭವಾದುದು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ೧೦೦೦ದಿಂದ ಭಾಗಿಸಿದರೆ ಲೀಟರು ದೊರೆಯುತ್ತದೆ. ೬೦ × ೩೦ × ೩೦ ಅಳತೆಯ ತೊಟ್ಟಿಯಲ್ಲಿ ೫೪ ಲೀಟರು. ೧೨೦ × ೪೫ × ೫೦ ಅಳತೆಯದರಲ್ಲಿ ೨೭೦ ಲೀಟರು. ೧೮೦ × ೬೦ × ೬೦ ಅಳತೆಯದರಲ್ಲಿ ೬೪೮ ಲೀಟರು. ಮೇಲೆ ಬಿಡುವ ತೆರಪು, ತಳದ ಮರಳು ಇವುಗಳಿಂದಾಗಿ ನಿಜವಾದ ನೀರು ಇದಕ್ಕಿಂತ ಕಡಿಮೆಯೇ.

ತೊಟ್ಟಿಯ ಉದ್ದವು ಬೆಳೆದ ಮೀನಿನ ಉದ್ದದ ನಾಲ್ಕು ಮಡಿಗಿಂತಲೂ, ಅಗಲವು ಒಂದೂವರೆ ಮಡಿಗಿಂತಲೂ ಕಡಿಮೆಯಾಗಬಾರದೆಂಬುದು ಅನುಸರಿಸಲು ಯೋಗ್ಯವಾದ ಸೂತ್ರ. ಮೀನು ಬಾಲವನ್ನು ಗಾಜಿಗೆ ತಾಗಿಸದೆ ಹಿಂದಿರುಗುವಂತಿರಬೇಕು. ಅಮೆಜಾನ್ ನದೀಪ್ರದೇಶದಿಂದ ಬಂದ ಆಸ್ಕರ್ ಮೀನು ಸುಮಾರು ೩೦ ಸೆಂಟಿಮೀಟರಿಗೆ ಬೆಳೆಯುತ್ತದೆ. ಅಂತಹ ಒಂದಕ್ಕೆ ೨೭೦ ಲೀಟರಿನ ತೊಟ್ಟಿಯೇ ಕನಿಷ್ಠ. ಸದಾ ಈಜಾಡುವ ಜಾತಿಗಳಿಗೆ ಇದೂ ಸಾಲದು. ‘ಶಾರ್ಕ್’ ಎಂಬ ಹೆಸರಿನಲ್ಲಿ ಮಾರುವ ಪಂಗಾಸಿಯಸ್ ಒಂದು ಮೀಟರಿಗೂ ಮಿಕ್ಕಿ ಬೆಳೆಯುವ ಮೀನು. ಬೆದರಿದಾಗ ಗಾಜಿಗೆ ಡಿಕ್ಕಿ ಹೊಡೆದು ಮೂತಿಯನ್ನು ಗಾಯಮಾಡಿಕೊಳ್ಳುತ್ತದೆ. ಕೆಂಪು ಬಾಲದ ಕ್ಯಾಟ್‌ಫಿಶ್ ಸಹ ಮೀಟರನ್ನು ಮೀರುವುದು. ಇವು ಮನೆಯ ತೊಟ್ಟಿಗೆ ಹೇಳಿದವುಗಳೇ ಅಲ್ಲ.

ಎತ್ತರಕ್ಕಿಂತ ಹರವು ಮುಖ್ಯ. ನೀರು ಗಾಳಿಯನ್ನು ಮುಟ್ಟುವುದು ಮೇಲ್ಮೈಯಲ್ಲಿ. ಆಮ್ಲಜನಕ ಒಳಗಿಳಿಯುವುದೂ ಅಲ್ಲಿಂದಲೇ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: ೨೦ ಡಿಗ್ರಿ ಉಷ್ಣತೆಯಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಮು, ೩೦ ಡಿಗ್ರಿಯಲ್ಲಿ ಸುಮಾರು ೭.೫ ಮಿಲಿಗ್ರಾಮು. ಕರಾವಳಿಯ ಬೇಸಗೆಯಲ್ಲಿ ಕಿಕ್ಕಿರಿದ ತೊಟ್ಟಿಯ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದಕ್ಕೆ ಇದೇ ಕಾರಣ. ಮಳೆಗಾಲದಲ್ಲಿ ವಿದ್ಯುತ್ತು ನಿಂತರೆ ಮೊದಲು ಬಳಲುವುದೂ ದೊಡ್ಡ ಮೀನೇ. ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರವೊಂದು ಕೈಯಲ್ಲಿರುವುದು ಲೇಸು.

ಭಾರವನ್ನೂ ಮರೆಯಬಾರದು. ಲೀಟರು ನೀರೆಂದರೆ ಒಂದು ಕಿಲೋಗ್ರಾಮು. ೨೭೦ ಲೀಟರಿನ ತೊಟ್ಟಿಯು ಗಾಜು, ಮರಳುಗಳೊಡನೆ ಮೂರು ಕ್ವಿಂಟಲನ್ನು ಮೀರುತ್ತದೆ. ಹಳೆಯ ಮನೆಗಳ ಮರದ ಮಾಳಿಗೆಯ ಮೇಲೆ ಇದನ್ನಿಡುವುದು ಅವಿವೇಕ.

ನೀರಿನ ಗುಣ

ಶರಾವತಿಗೆ ಲಿಂಗನಮಕ್ಕಿಯಲ್ಲಿ ೧೯೬೪ರಲ್ಲಿ ಅಣೆಕಟ್ಟಾಯಿತು. ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ಬೇಸಗೆಯಲ್ಲಿಯೂ ಹರಿದುಬರುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿದೆ. ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಾದರೋ ಭರತದೊಡನೆ ಉಪ್ಪುನೀರು ಮೊದಲಿನಂತೆಯೇ ಒಳನುಗ್ಗುತ್ತದೆ. ಮೀನಿನ ವೈವಿಧ್ಯವೂ ಅಲ್ಲಿ ಹೆಚ್ಚು. ಈ ಅಳಿವೆಯು ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣವೆಂದು ಘೋಷಿತವಾಯಿತು. ನೆರೆಹೊರೆಯ ಎರಡು ಹೊಳೆಗಳಲ್ಲಿಯೇ ನೀರಿನ ಗುಣವು ಮೀನಿನ ಬಾಳನ್ನು ಇಷ್ಟು ನಿರ್ಣಯಿಸುವುದಾದರೆ, ಪುಟ್ಟ ತೊಟ್ಟಿಯಲ್ಲಿ ಅದರ ಮಹತ್ತ್ವವನ್ನು ಹೇಳಬೇಕಾದುದಿಲ್ಲ. ಕಡಲ ಸಮೀಪದ ಕೆಲವು ಬಾವಿಗಳ ನೀರು ಬೇಸಗೆಯಲ್ಲಿ ಸವುಳಾಗುತ್ತದೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡನ್ನೂ ಪರೀಕ್ಷಿಸದೆ ಸುರಿಯಬಾರದು.

ಮೀನು ವಿಸರ್ಜಿಸುವ ಅಮೋನಿಯವು ವಿಷ. ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ, ಬಳಿಕ ಅಷ್ಟು ಅಪಾಯಕರವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಇಂದು ತೊಟ್ಟಿ ತಂದು ಇಂದೇ ದೊಡ್ಡ ಮೀನನ್ನು ಬಿಡುವವರು ನಾಳೆ ದುಃಖಪಡುತ್ತಾರೆ.

ಒಡನಾಡಿಗಳ ಆಯ್ಕೆ

ಒಡನಾಡಿಗಳನ್ನು ಆರಿಸುವಾಗ ಬಾಯಿ, ಸ್ವಭಾವ, ನೀರು ಎಂಬ ಮೂರು ಪರೀಕ್ಷೆಗಳು ಸಾಕು.

ಮೊದಲನೆಯದು ಬಾಯಿ. ಬಾಯಿಯಲ್ಲಿ ಹಿಡಿಯುವುದೆಲ್ಲ ಬೇಟೆಗಾರ ಮೀನಿಗೆ ಆಹಾರವೇ. ಕರ್ನಾಟಕದ ಕರಾವಳಿಯ ಅಳಿವೆಗಳಲ್ಲಿ ಪಂಜರಗಳಲ್ಲಿ ಬೆಳೆಸುವ ಸೀಬಾಸ್ ಮೀನಿನ ಮರಿಗಳನ್ನು ಆಗಾಗ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಬೇಕಾಗುತ್ತದೆ. ಇಲ್ಲವಾದರೆ ದೊಡ್ಡವು ಒಡಹುಟ್ಟಿದ ಸಣ್ಣವನ್ನೇ ನುಂಗುತ್ತವೆ. ಒಡಹುಟ್ಟಿದವಕ್ಕೇ ಈ ಗತಿಯಾದರೆ, ಆಸ್ಕರಿನೊಡನೆ ಬಿಟ್ಟ ನಿಯಾನ್ ಟೆಟ್ರಾಗಳ ಗತಿಯನ್ನು ಊಹಿಸಬಹುದು.

ಎರಡನೆಯದು ಸ್ವಭಾವ. ಕೇರಳದವರು ಕರಿಮೀನು ಎನ್ನುವ, ಮೈಮೇಲೆ ಮುತ್ತಿನಂತಹ ಚುಕ್ಕೆಗಳಿರುವ ಪರ್ಲ್‌ಸ್ಪಾಟ್ ಸಾಮಾನ್ಯವಾಗಿ ಸೌಮ್ಯ. ಪಾಚಿಯನ್ನು ತಿಂದು ಬಾಳುತ್ತದೆ. ಆದರೆ ಮೊಟ್ಟೆಯಿಟ್ಟಾಗ ತಂದೆತಾಯಿಗಳೆರಡೂ ಮರಿಗಳನ್ನು ಕಾಯುತ್ತವೆ. ಆಗ ಹತ್ತಿರ ಬಂದುದನ್ನು ಅಟ್ಟಿ ಓಡಿಸುತ್ತವೆ. ಓಡಿಹೋಗಲು ಎಡೆಯಿಲ್ಲದ ತೊಟ್ಟಿಯಲ್ಲಿ ಈ ವಾತ್ಸಲ್ಯವೇ ಇತರ ಮೀನುಗಳಿಗೆ ಮೃತ್ಯುವಾಗುತ್ತದೆ. ಗುಂಪಿನಲ್ಲಿ ಬಾಳುವ ಸಿಲ್ವರ್ ಡಾಲರ್‌ನಂತಹ ಮೀನನ್ನು ಒಂಟಿಯಾಗಿಡದೆ ಐದಾರನ್ನು ಕೂಡಿಯೇ ಇಡಬೇಕು. ವಿಶಾಲವಾದ ತೊಟ್ಟಿಯಿದ್ದರೆ, ಬೆಳೆದ ಇವು ಆಸ್ಕರಿಗೆ ತಕ್ಕ ನೆರೆಯವರು.

ಮೂರನೆಯದು ನೀರು. ಅಳಿವೆಯ ಸ್ಕಾಟ್ ಮೀನಿನ ಮರಿಯು ಸಿಹಿನೀರಿನಲ್ಲಿ ಕೆಲಕಾಲ ಬದುಕೀತು. ಬೆಳೆದಂತೆ ಅದಕ್ಕೆ ಉಪ್ಪು ಬೇಕು. ತಂಪನ್ನು ಬಯಸುವ ಚಿನ್ನದ ಮೀನಿಗೂ ಬೆಚ್ಚನೆಯ ನೀರಿನ ಆಸ್ಕರಿಗೂ ಒಂದೇ ಮನೆ ಸಲ್ಲದು.

ಹೊಳೆಗೆ ಬಿಡಬಾರದು

ತೊಟ್ಟಿಗೆ ಮೀರಿದ ಮೀನನ್ನು ಹೊಳೆಗೆ ಬಿಟ್ಟರೆ ಪುಣ್ಯ ಬರುವುದೆಂದು ಕೆಲವರು ಭಾವಿಸುತ್ತಾರೆ. ಇದು ದಯೆಯ ವೇಷ ತೊಟ್ಟ ಅಪಾಯ. ಗಾಜಿನ ಪಾಚಿಯನ್ನು ತಿನ್ನಲೆಂದು ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ಭಾರತದ ಹಲವು ಕಡೆಗಳ ಕೆರೆ ಕಾಲುವೆಗಳಲ್ಲಿ ಹಬ್ಬಿದೆ. ಕೇರಳದ ೨೦೧೮ರ ಮಹಾಪ್ರವಾಹದ ಬಳಿಕ ಅಲ್ಲಿನ ನದಿಗಳಲ್ಲಿ ಅಮೆಜಾನಿನ ಅರಪೈಮ ಕಾಣಿಸಿಕೊಂಡಿತು. ೨೦೨೩ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿತು. ಶರಾವತಿಯ ಮೇಲ್ಕಣಿವೆಯಿಂದ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಪುಟ್ಟ ಮೀನನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದು ೨೦೦೪ರಲ್ಲಿ. ಲೋಕವು ಈಗಷ್ಟೇ ಹೆಸರಿಟ್ಟ ಇಂತಹ ಜೀವಿಗಳ ಮನೆಗೆ ಹೊರಗಿನ ನುಂಗಣ್ಣರನ್ನು ಬಿಡುವುದು ಧರ್ಮವಲ್ಲ. ಸಾಕಲಾಗದ ಮೀನನ್ನು ಮಾರಿದವರಿಗೇ ಹಿಂದಿರುಗಿಸಬೇಕು, ಇಲ್ಲವೆ ದೊಡ್ಡ ತೊಟ್ಟಿಯುಳ್ಳವರಿಗೆ ಒಪ್ಪಿಸಬೇಕು.

ಸಕಲ ಜೀವಿಗಳಲ್ಲಿಯೂ ದಯೆಯಿರಬೇಕೆಂಬುದು ಶರಣರ ನಿಲುವು. ದಯೆಯೆಂದರೆ ಕನಿಕರದ ಮಾತಲ್ಲ. ಮುಂಚಿತವಾಗಿ ಮಾಡುವ ಲೆಕ್ಕವೂ ದಯೆಯೇ. ಪಾಠಶಾಲೆಯಲ್ಲಿ ೫೪ ಲೀಟರಿನ ತೊಟ್ಟಿಯೊಂದೇ ಇದ್ದರೆ ಅದರಲ್ಲಿ ಗಪ್ಪಿಯಂತಹ ಕಿರಿಯ ಮೀನುಗಳು ಸುಖವಾಗಿ ಬಾಳಲಿ. ಹಿರಿಯ ಮೀನಿನ ಆಸೆಯನ್ನು ಹಿರಿಯ ತೊಟ್ಟಿ ಬರುವವರೆಗೆ ತಡೆದಿರಲಿ. ವಿದ್ಯಾರ್ಥಿಗಳು ಅಂಗಡಿಗೆ ಹೋದಾಗ ಬೆಲೆಯನ್ನು ಕೇಳುವ ಮೊದಲು, ‘ಇದು ಎಷ್ಟು ದೊಡ್ಡದಾಗುತ್ತದೆ?’ ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು.